30×40 ಸೈಟಿನಲ್ಲಿ ಇಂಗುಬಾವಿ ತೋಡಿಸುವುದು ಹೇಗೆ

ಮಳೆನೀರನ್ನು ನೆಲಕ್ಕೆ ಇಳಿಸುವ ಬಾವಿಯೇ ಇಂಗುಬಾವಿ. ಬೆಂಗಳೂರಿನ ಎಷ್ಟೋ ಇಂಗುಬಾವಿಗಳು ಕೆಡುವುದು ಒಳಗೆ ಬರುವ ಕೊಳಕು ನೀರಿನಿಂದ. ಆದ್ದರಿಂದ ಬಾವಿ ತೋಡುವವರಿಗೆ ಹೇಳಿಕಳಿಸುವ ಮೊದಲು ಟೆರೇಸು ಹತ್ತಿ, ಯಾವ ಪೈಪಿಗೆ ಏನೇನು ಸೇರಿದೆ ಎಂದು ನೋಡಿ. ಮಳೆನೀರಿನ ಪೈಪಿಗೇ ಬಾಲ್ಕನಿ ತೊಳೆದ ನೀರನ್ನೋ ವಾಷಿಂಗ್ ಮಷೀನಿನ ನೀರನ್ನೋ ಬಿಟ್ಟಿರುವ ಮನೆಗಳು ಬೇಕಾದಷ್ಟಿವೆ. ಅದನ್ನು ಬೇರೆ ಮಾಡಿಸದೆ ಬಾವಿ ತೋಡಬೇಡಿ. ಸೋಪಿನ ನೀರು ಒಮ್ಮೆ ಅಂತರ್ಜಲಕ್ಕೆ ಇಳಿದರೆ ತೆಗೆಯಲು ದಾರಿಯಿಲ್ಲ.

ಅಳತೆ

ಹಿಡಿದಿಡಬೇಕಾದ ಮಳೆನೀರಿಗೆ ಜಲಮಂಡಳಿಯ ಲೆಕ್ಕ ಛಾವಣಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಸಿಮೆಂಟು ಹಾಸಿದ ಅಂಗಳಕ್ಕೆ 30 ಲೀಟರ್. 100 ಚದರ ಮೀಟರ್ ಛಾವಣಿಗೆ 6,000 ಲೀಟರ್ ಆಯಿತು. 3 ಅಡಿ ಅಗಲ, 20 ಅಡಿ ಆಳದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. 4 ಅಡಿ ಅಗಲದ್ದು 7,000. ಜಾಗ ಇಕ್ಕಟ್ಟಾದರೆ 3 ಅಡಿಯದನ್ನೇ ತೋಡಿಸಿ, ಮೊದಲ 2,000 ಲೀಟರನ್ನು ಸಂಪಿಗೆ ಹರಿಸಿ, ಸಂಪು ತುಂಬಿ ಹರಿದದ್ದು ಬಾವಿಗೆ ಹೋಗುವಂತೆ ಪೈಪು ಕೊಡಿ. ಊರಿನ ವಾರ್ಷಿಕ ಮಳೆ ಹತ್ತಿರ ಹತ್ತಿರ 970 ಮಿ.ಮೀ. ಆವಿ, ಸೋರಿಕೆ ಕಳೆದರೂ ಈ ಛಾವಣಿಯಿಂದ ವರ್ಷಕ್ಕೆ 80 ಸಾವಿರ ಲೀಟರ್ ಸಿಗುತ್ತದೆ.

ಜಾಗ

ಪಾಯದಿಂದ 6ರಿಂದ 10 ಅಡಿ ದೂರವಿರಲಿ. ಕಕ್ಕಸಿನ ಪಿಟ್ ಗುಂಡಿಯಿದ್ದರೆ ಅದರಿಂದ 50 ಅಡಿ ದೂರ ಬೇಕು. ಇಷ್ಟು ಚಿಕ್ಕ ಸೈಟಿನಲ್ಲಿ ಅದು ಆಗದ ಮಾತು, ಅಂಥಲ್ಲಿ ಬಾವಿ ಬೇಡ, ಸಂಪೇ ಸಾಕು. ಡ್ರೈನೇಜ್ ಲೈನ್ ಎಲ್ಲಿ ಹಾದುಹೋಗಿದೆ, ಛೇಂಬರ್ ಸೋರುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ತೋಡುವುದು

ತಲೆಮಾರುಗಳಿಂದ ಬಾವಿ ತೋಡುತ್ತ ಬಂದಿರುವ ಮಣ್ಣು ವಡ್ಡರಿಗೆ ಮಣ್ಣಿನ ಗುಣ ಗೊತ್ತು. ಸಿಮೆಂಟ್ ರಿಂಗಿನ ಅಗಲ 3 ಅಡಿಯಾದರೆ ಗುಂಡಿ 4 ಅಡಿ ಇರಲಿ. ಅಡಿಯೆತ್ತರದ ರಿಂಗುಗಳಾದರೆ ಒಳಕ್ಕೆ 20, ನೆಲದ ಮೇಲೆ ಒಂದು. ಮೇಲಿನದು ಇಲ್ಲದಿದ್ದರೆ ಅಂಗಳದ, ರಸ್ತೆಯ ಕೊಚ್ಚೆ ಸೀದಾ ಒಳಗೆ ಬರುತ್ತದೆ. ಕೆಂಪು ಮಣ್ಣು, ಜೇಡಿ ದಾಟಿ ಗರಸು ಸಿಗುವವರೆಗೆ ಇಳಿಯಬೇಕು. ಜೇಡಿಯಲ್ಲೇ ನಿಲ್ಲಿಸಿದ ಬಾವಿ ಬರೀ ತೊಟ್ಟಿ. ಸಡಿಲ ಮಣ್ಣಾದರೆ ಪೂರ್ತಿ ತೋಡಿ ಆಮೇಲೆ ರಿಂಗು ಇಳಿಸುವುದು ಬೇಡ, ತೋಡುತ್ತ ತೋಡುತ್ತಲೇ ಇಳಿಸಬೇಕು. ಗೋಡೆ ಕುಸಿದರೆ ಒಳಗಿದ್ದವರ ಜೀವಕ್ಕೆ ಅಪಾಯ. ಹಗ್ಗ ಹಿಡಿದ ಒಬ್ಬರು ಯಾವಾಗಲೂ ಮೇಲಿರಬೇಕು, ಮಳೆ ಶುರುವಾದ ಕೂಡಲೇ ಕೆಲಸ ನಿಲ್ಲಬೇಕು.

ಇಲ್ಲಿ ಎರಡು ವಿಷಯಕ್ಕೆ ನೀವು ಪಟ್ಟು ಹಿಡಿಯಬೇಕು. ರಿಂಗುಗಳ ಸಂದಿಗೆ ಸಿಮೆಂಟು ಮೆತ್ತಬಾರದು, ತಳಕ್ಕೆ ಕಾಂಕ್ರೀಟ್ ಹಾಕಬಾರದು. ನೀರು ಇಂಗುವುದೇ ಅಲ್ಲಿಂದ. ‘ನೀಟಾಗಿರಲಿ’ ಎಂದು ಮೇಸ್ತ್ರಿ ಎರಡನ್ನೂ ಮಾಡಿಬಿಡುವುದುಂಟು. ರಿಂಗಿನ ಹೊರಸುತ್ತಿನ ಅರ್ಧ ಅಡಿ ಸಂದಿಗೆ 40 ಎಂಎಂ ಜಲ್ಲಿ ತುಂಬಿಸಿ, ಮೇಲಿನ 3 ಅಡಿಗೆ ಮಾತ್ರ ಮಣ್ಣು ಹಾಕಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ. ಬಾವಿಯೊಳಗೆ ಬಾಯಿತನಕ ಜಲ್ಲಿ ಸುರಿಯುವ ಗುತ್ತಿಗೆದಾರರಿದ್ದಾರೆ. ಸುರಿದರೆ ನೀರಿಗೆ ಉಳಿಯುವುದು ಹೆಚ್ಚೆಂದರೆ ನೂರಕ್ಕೆ 40 ಪಾಲು, 4,000 ಲೀಟರಿನ ಬಾವಿ 1,600ಕ್ಕೆ ಇಳಿಯುತ್ತದೆ. ಹೂಳು ತೆಗೆಯಲೂ ಆಗುವುದಿಲ್ಲ. ತಳದಲ್ಲಿ ಒಂದಡಿ ಸಾಕು.

ಮುಗಿದ ಮೇಲೆ ಪರೀಕ್ಷೆಗೆ 200 ಲೀಟರ್ ನೀರು ಸುರಿಯಿರಿ. ಬರಿದಾದ 3 ಅಡಿ ಬಾವಿಯಲ್ಲಿ ಅದು ಒಂದಡಿ ನಿಲ್ಲುತ್ತದೆ, ತಳದ ಜಲ್ಲಿಯಿಂದಾಗಿ ಇನ್ನೂ ಹೆಚ್ಚು ಕಾಣಬಹುದು. ಮಾರನೆಯ ದಿನವೂ ಹಾಗೇ ಇದ್ದರೆ ಇನ್ನೂ ಇಳಿಯಬೇಕು. ಕೆರೆಯ ಕೆಳಗಿನ ತಗ್ಗು ಬಡಾವಣೆಗಳಲ್ಲಿ 15–20 ಅಡಿಗೇ ನೀರು ಒಸರಬಹುದು. ಆಗ ಇಂಗಿಸುವ ಮಾತು ಬಿಟ್ಟು, ಸಣ್ಣ ಮೋಟರು ಇಳಿಸಿ ಗಿಡಕ್ಕೆ, ಫ್ಲಶ್‌ಗೆ ಬಳಸಿ.

ಸೋಸುವ ತೊಟ್ಟಿ

ಬಾವಿಗೆ ಮುಂಚೆ 2×2×2 ಅಡಿಯ ಹೂಳು ತೊಟ್ಟಿ ಇರಲೇಬೇಕು. ಬರುವ ಪೈಪಿಗೆ ಜಾಲರಿ, ಬಾವಿಗೆ ಹೋಗುವ ಪೈಪು ತಳದಿಂದ ಒಂದಡಿ ಮೇಲೆ. ಆಗ ಮಣ್ಣು ತೊಟ್ಟಿಯಲ್ಲೇ ಕೂರುತ್ತದೆ. ಬಿರುಮಳೆಯಲ್ಲಿ ಗಂಟೆಗೆ 5,000 ಲೀಟರ್ ಬರುವುದರಿಂದ ಪೈಪು 110 ಎಂಎಂ ಇರಲಿ. ಛಾವಣಿಯ ಪೈಪಿನ ಬುಡಕ್ಕೆ ಎಂಡ್ ಕ್ಯಾಪ್ ಹಾಕಿಸಿ, ಮೊದಲ ಮಳೆಯಲ್ಲಿ ಅದನ್ನು ಬಿಚ್ಚಿ ಕನಿಷ್ಠ 200 ಲೀಟರನ್ನು ಹೊರಗೆ ಬಿಡಿ. ಪಾರಿವಾಳದ ಹಿಕ್ಕೆಯೆಲ್ಲ ಆ ನೀರಿನಲ್ಲೇ ಇರುತ್ತದೆ. ಬಾವಿಯ ಬಾಯಿಗೆ ಕಬ್ಬಿಣದ ಗ್ರಿಲ್, ಸೊಳ್ಳೆ ಜಾಲರಿ, ಬೀಗ.

ಮಳೆನೀರನ್ನು ಸೀದಾ ಬೋರ್‌ವೆಲ್ಲಿಗೆ ಬಿಡಬೇಡಿ. ಬಾವಿಯಿಂದ ಇಂಗುವಾಗ ಮಣ್ಣು ತಾನೇ ಸೋಸುತ್ತದೆ. ಬೋರಿನೊಳಗೆ ಆ ರಕ್ಷಣೆಯಿಲ್ಲ, ಕೊಳಕು ಬಂಡೆಯ ಬಿರುಕಿಗೇ ಇಳಿಯುತ್ತದೆ.

ಪ್ರತಿ ಏಪ್ರಿಲ್‌ನಲ್ಲಿ ತೊಟ್ಟಿಯ ಹೂಳು ತೆಗೆಸಿ, ಮೂರು ವರ್ಷಕ್ಕೊಮ್ಮೆ ಬಾವಿಯದು. ಇಳಿಯುವ ಮೊದಲು ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಬ್ಲೋವರಿನಿಂದ ಒಳಗೆ ಗಾಳಿ ಊದಿಸಿ.

ಕುಡಿಯಲು

ಇಂಗಿದ ನೀರನ್ನು ಮತ್ತೆ ಎತ್ತಿ ಕುಡಿಯುವುದಾದರೆ ಮಳೆಗಾಲದ ಮುಂಚೆಯೊಮ್ಮೆ, ಆಮೇಲೊಮ್ಮೆ ಲ್ಯಾಬಿಗೆ ಕೊಡಿ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಒಳಗಿರಬೇಕು, 100 ಮಿ.ಲೀ.ಯಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಇರಲೇಬಾರದು. ಕುದಿಸಿದರೆ ಇ. ಕೋಲಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನೈಟ್ರೇಟ್ ಒಮ್ಮೆಲೇ ಜಿಗಿದಿದ್ದರೆ ಫಿಲ್ಟರ್ ಕೊಳ್ಳುವ ಮೊದಲು ಪಕ್ಕದ ಡ್ರೈನೇಜ್ ಛೇಂಬರಿನ ಮುಚ್ಚಳ ತೆಗೆಸಿ, ಸೋರುತ್ತಿದೆಯೇ ನೋಡಿ.