ಬಾಲದ ಹತ್ತು ಗ್ರಾಂ: ದೊಡ್ಡ ಆರ್‌ಸಿ ಏರೋಬ್ಯಾಟಿಕ್ ವಿಮಾನವನ್ನು ಹಗುರವಾಗಿ ಕಟ್ಟುವ ಬಗೆ

ಒಂದೇ ಪ್ಲಾನ್, ಒಂದೇ ಎಂಜಿನ್ ಇಟ್ಟುಕೊಂಡು ಇಬ್ಬರು ಕಟ್ಟಿದ ಆರ್‌ಸಿ (ರೇಡಿಯೊ ಕಂಟ್ರೋಲ್) ಮಾದರಿ ವಿಮಾನಗಳ ನಡುವೆ ಒಂದೂವರೆ ಕೆಜಿ ವ್ಯತ್ಯಾಸ ಬರುವುದುಂಟು. ಅಷ್ಟು ತೂಕ ಎಲ್ಲಿ ಹೊಕ್ಕಿತು ಎಂದು ಹುಡುಕಿದರೆ ಯಾವ ಒಂದು ಭಾಗದಲ್ಲೂ ಸಿಕ್ಕುವುದಿಲ್ಲ. ಶೀಟಿನಲ್ಲಿ ಐದು ಗ್ರಾಂ, ಅಂಟಿನಲ್ಲಿ ಹತ್ತು, ಉದ್ದ ಬಿಟ್ಟ ಬೋಲ್ಟಿನಲ್ಲಿ ಎರಡು. ಮನೆ ಖರ್ಚಿನಲ್ಲಿ ದುಡ್ಡು ಸೋರುವ ಹಾಗೆಯೇ ಇದು, ಲೆಕ್ಕ ಬರೆದಿಡದಿದ್ದರೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಎಕ್ಸ್‌ಟ್ರಾ 330 ಎಸ್‌ಸಿಯ 35 ಶೇಕಡಾ ಅಳತೆಯ ಮಾದರಿ. ಮೂಲ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 7.5 ಮೀಟರ್, ಮಾದರಿಯದು 2.6 ಮೀಟರ್ ಚಿಲ್ಲರೆ. ರೆಕ್ಕೆಯ ವಿಸ್ತೀರ್ಣ ಸುಮಾರು 116 ಚದರ ಡೆಸಿಮೀಟರ್. 100 ಸಿಸಿಯ ಅವಳಿ ಸಿಲಿಂಡರ್ ಪೆಟ್ರೋಲ್ ಎಂಜಿನ್, ಫೋಮ್ ತಿರುಳಿನ ರೆಕ್ಕೆ, ಬಾಲ್ಸಾ (ಅತಿ ಹಗುರದ ಮರ) ಮತ್ತು ಪ್ಲೈವುಡ್ಡಿನ ಫ್ಯೂಸಲಾಜ್ (ವಿಮಾನದ ಒಡಲು).

ಇಂಥ ವಿಮಾನ ಇಂಧನವಿಲ್ಲದೆ 11 ಕೆಜಿ ತೂಗಿದರೆ ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ 95 ಗ್ರಾಂ ಹೊರೆ. 12.5 ಕೆಜಿ ಆದರೆ 108 ಗ್ರಾಂ. ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬಲ್ಲ ಕನಿಷ್ಠ ವೇಗ, ತೂಕದ ವರ್ಗಮೂಲದ ಲೆಕ್ಕದಲ್ಲಿ ಏರುವುದರಿಂದ ಅದು ಆರೇಳು ಶೇಕಡಾ ಹೆಚ್ಚುತ್ತದೆ. ಕಾಗದದಲ್ಲಿ ಸಣ್ಣದಾಗಿ ಕಾಣುವ ಈ ಅಂಕಿ ಲ್ಯಾಂಡಿಂಗಿನಲ್ಲಿ, ಹ್ಯಾರಿಯರ್‌ನಲ್ಲಿ (ಮೂತಿ ಮೇಲೆತ್ತಿ ನಿಧಾನ ಹಾರುವ ಕಸರತ್ತು), ಸ್ನ್ಯಾಪ್ ರೋಲ್ (ಥಟ್ಟನೆ ಉರುಳುವ ಕಸರತ್ತು) ನಿಲ್ಲಿಸುವಾಗ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹಾರಿಸುವವರಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಊರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಕಡಲತಡಿಗಿಂತ ಎಂಟರಿಂದ ಹತ್ತು ಶೇಕಡಾ ತೆಳು. ರೆಕ್ಕೆಯ ಮಟ್ಟಿಗೆ ಹೇಳುವುದಾದರೆ ಮಂಗಳೂರಿನ 11.5 ಕೆಜಿ ವಿಮಾನ ಬೆಂಗಳೂರಿನಲ್ಲಿ ಹತ್ತಿರಹತ್ತಿರ 12.5 ಕೆಜಿಯದರ ಹಾಗೆ ವರ್ತಿಸುತ್ತದೆ. ಎಂಜಿನ್ನಿನ ಶಕ್ತಿಯೂ ಅಷ್ಟೇ ಪ್ರಮಾಣದಲ್ಲಿ ಇಳಿದಿರುತ್ತದೆ.

ಮೊದಲು ಲೆಕ್ಕದ ಪುಸ್ತಕ

0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಒಂದು, 5 ಕೆಜಿಯ ಅಡುಗೆ ತಕ್ಕಡಿ ಒಂದು ಬೇಕು. ಮರ ಕತ್ತರಿಸುವ ಮೊದಲೇ ಬಜೆಟ್ ಬರೆದಿಡಿ. ಈ ಅಳತೆಗೆ ಹೊಂದುವ ಒಂದು ಬಜೆಟ್ ಹೀಗಿರಬಹುದು: ಎಂಜಿನ್, ಇಗ್ನಿಷನ್, ಪ್ರೊಪೆಲ್ಲರ್, ಸ್ಪಿನ್ನರ್ ಸೇರಿ 3.4 ಕೆಜಿ. ಮಫ್ಲರ್ 0.5. ಫಿಲ್ಮ್ (ಇಸ್ತ್ರಿಯ ಶಾಖದಿಂದ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹೊದಿಸಿದ ಚೌಕಟ್ಟು, ಅಂದರೆ ರೆಕ್ಕೆ, ಬಾಲ, ಫ್ಯೂಸಲಾಜ್, ಕೌಲ್ (ಎಂಜಿನ್ನಿನ ಮುಚ್ಚಳ), ಕ್ಯಾನೊಪಿ (ಕ್ಯಾಬಿನ್ನಿನ ಮುಚ್ಚಳ) ಎಲ್ಲ ಸೇರಿ 4.8. ಸರ್ವೊ (ರೆಕ್ಕೆ, ಬಾಲದ ಫಲಕಗಳನ್ನು ತಿರುಗಿಸುವ ಸಣ್ಣ ಮೋಟಾರು) ಮತ್ತು ಲಿಂಕೇಜ್ (ಅದನ್ನು ಫಲಕಕ್ಕೆ ಕೂಡಿಸುವ ಕಡ್ಡಿ, ಕೊಂಡಿ) 0.9. ಬ್ಯಾಟರಿ, ರಿಸೀವರ್, ಸ್ವಿಚ್ 0.4. ಲ್ಯಾಂಡಿಂಗ್ ಗೇರ್, ಚಕ್ರ 0.7. ಟ್ಯಾಂಕ್ ಇತ್ಯಾದಿ 0.2. ಒಟ್ಟು 10.9. ಎಂಜಿನ್ನಿನ ತೂಕ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಚೌಕಟ್ಟಿನ 4.8 ಕೆಜಿ, ಅದು 6 ಕೆಜಿಗೆ ಹೋಗಲು ತುಂಬ ಕಷ್ಟಪಡಬೇಕಾಗಿಲ್ಲ.

ಪ್ರತಿ ಭಾಗವನ್ನೂ ಮೂರು ಸಲ ತೂಗಿ: ಬರಿ ಮರವಾಗಿದ್ದಾಗ, ಅಂಟಿಸಿ ಉಜ್ಜಿದ ಮೇಲೆ, ಹೊದಿಸಿದ ಮೇಲೆ. ಎಡ ಮತ್ತು ಬಲ ರೆಕ್ಕೆಗಳ ನಡುವೆ 15 ಗ್ರಾಮಿಗಿಂತ ಹೆಚ್ಚು ಅಂತರ ಬಂದರೆ ಎಲ್ಲಿ ಬಂತೆಂದು ಆಗಲೇ ಹುಡುಕಬೇಕು. ಕೊನೆಗೆ ರೆಕ್ಕೆಯ ತುದಿಗೆ ಸೀಸ ಅಂಟಿಸುವುದಕ್ಕಿಂತ ಅದು ಲೇಸು.

ಎಲ್ಲಿ ಹಗುರ ಮಾಡಬೇಕು

ತೂಕ ಎಷ್ಟು ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಈ ಅಳತೆಯ ವಿಮಾನದಲ್ಲಿ ಸಿಜಿಯಿಂದ (ವಿಮಾನದ ತೂಕ ಸಮತೂಗುವ ಬಿಂದು) ಬಾಲ ಸುಮಾರು 125 ಸೆಂಮೀ ಹಿಂದೆ, ಎಂಜಿನ್ ಸುಮಾರು 50 ಸೆಂಮೀ ಮುಂದೆ. ಬಾಲಕ್ಕೆ 10 ಗ್ರಾಂ ಸೇರಿದರೆ ಅದನ್ನು ಸರಿದೂಗಿಸಲು ಮೂತಿಗೆ 25 ಗ್ರಾಂ ದಂಡ ಕಟ್ಟಬೇಕು, ಒಟ್ಟು ವಿಮಾನ 35 ಗ್ರಾಂ ದಪ್ಪಗಾಯಿತು. ಆದ್ದರಿಂದ ಹಗುರ ಮಾಡುವ ಕೆಲಸ ಬಾಲದಿಂದ ಶುರುವಾಗಬೇಕು. ಅತ್ಯಂತ ಹಗುರ ಶೀಟ್, ತೆಳು ಫಿಲ್ಮ್, ಟೈಟಾನಿಯಂ ಪುಶ್‌ರಾಡ್ (ಲಿಂಕೇಜಿನ ಕಡ್ಡಿ) ಯಾವುದಕ್ಕಾದರೂ ದುಡ್ಡು ಹಾಕುವುದಿದ್ದರೆ ಮೊದಲು ಅಲ್ಲಿಗೆ ಹಾಕಿ.

ರೆಕ್ಕೆಯ ತುದಿಗೆ ಬೇರೆ ಲೆಕ್ಕ. ಉರುಳುವ ಜಡತ್ವ ದೂರದ ವರ್ಗಕ್ಕೆ ಅನುಗುಣ. ನಡುವಿನಿಂದ 1.2 ಮೀಟರ್ ದೂರದ ತುದಿಯಲ್ಲಿರುವ 10 ಗ್ರಾಂ, 30 ಸೆಂಮೀ ದೂರದಲ್ಲಿರುವ 160 ಗ್ರಾಮಿಗೆ ಸಮ. ಪಾಯಿಂಟ್ ರೋಲ್‌ನಲ್ಲಿ (ನಿಲ್ಲಿಸಿ ನಿಲ್ಲಿಸಿ ಉರುಳಿಸುವ ಕಸರತ್ತು) ವಿಮಾನ ನಿಲ್ಲಬೇಕಾದ ಕಡೆ ನಿಲ್ಲದೆ ಒಂದಿಷ್ಟು ಜಾರಿದರೆ ಏಲರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಫಲಕ) ಸರ್ವೊವನ್ನು ಬೈಯುವ ಮೊದಲು ರೆಕ್ಕೆಯ ತುದಿಯ ದಿಮ್ಮಿಯನ್ನು ನೋಡಿ. ಅದು ಗಟ್ಟಿ ಬಾಲ್ಸಾ ಆಗಿದ್ದರೆ ಒಳಗೆ ಕೊರೆದು ಟೊಳ್ಳು ಮಾಡಬಹುದು.

ಬಾಲ್ಸಾ ಆರಿಸುವುದು

75 × 915 ಮಿಮೀ ಅಳತೆಯ 1.6 ಮಿಮೀ ದಪ್ಪದ ಶೀಟ್ ಒಳ್ಳೆಯ ಹಗುರ ಮರದ್ದಾದರೆ 10–11 ಗ್ರಾಂ, ಮಧ್ಯಮದ್ದಾದರೆ 14, ಭಾರದ್ದಾದರೆ 21 ಗ್ರಾಂ. ಮೂರೂ ಒಂದೇ ಕಟ್ಟಿನಲ್ಲಿ, ಒಂದೇ ಬೆಲೆಗೆ ಸಿಗುತ್ತವೆ. ರೆಕ್ಕೆ ಮತ್ತು ಸ್ಟ್ಯಾಬ್ (ಬಾಲದ ಅಡ್ಡ ರೆಕ್ಕೆ) ಹೊದಿಸಲು 40 ಶೀಟ್ ಬೇಕೆಂದರೆ 10 ಗ್ರಾಮಿಗೂ 14 ಗ್ರಾಮಿಗೂ ನಡುವಿನ ಅಂತರವೇ 160 ಗ್ರಾಂ. ಅಂಗಡಿಗೆ ತಕ್ಕಡಿ ಹಿಡಿದುಕೊಂಡು ಹೋಗಲು ನಾಚಿಕೆ ಬೇಡ. ಆನ್‌ಲೈನಿನಲ್ಲಿ ತರಿಸುವುದಾದರೆ ಬೇಕಾದ್ದಕ್ಕಿಂತ ಕಾಲುಭಾಗ ಹೆಚ್ಚು ತರಿಸಿ, ತೂಗಿ, ಪ್ರತಿ ಶೀಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ತೂಕ ಬರೆಯಿರಿ. 11 ಗ್ರಾಮಿನೊಳಗಿನವು ಬಾಲಕ್ಕೆ ಮತ್ತು ರೆಕ್ಕೆಯ ಹೊರ ಅರ್ಧಕ್ಕೆ, 14ರವರೆಗಿನವು ರೆಕ್ಕೆಯ ಬುಡಕ್ಕೆ, ಅದಕ್ಕೂ ಮೇಲಿನವು ಫ್ಯೂಸಲಾಜಿನ ಮುಂಭಾಗಕ್ಕೆ ಅಥವಾ ಜಿಗ್ (ಕಟ್ಟುವಾಗ ಭಾಗಗಳನ್ನು ಹಿಡಿದಿಡುವ ಚೌಕಟ್ಟು) ಮಾಡಲು.

ತೂಕದ ಜೊತೆ ಎಳೆಯನ್ನೂ ನೋಡಬೇಕು. ಶೀಟನ್ನು ಅಡ್ಡಕ್ಕೆ ಬಗ್ಗಿಸಿದಾಗ ಸಲೀಸಾಗಿ ಕೊಳವೆಯಂತೆ ಬಾಗಿದರೆ ಅದು ಎ ಗ್ರೇನ್, ಲೀಡಿಂಗ್ ಎಡ್ಜಿನ (ರೆಕ್ಕೆಯ ಮುಂದಂಚು) ತಿರುವಿಗೆ, ಫ್ಯೂಸಲಾಜಿನ ಬೆನ್ನಿಗೆ ಸರಿ. ಬಾಗದೆ ಸೆಟೆದು ನಿಂತು, ಮೈಮೇಲೆ ಮೀನಿನ ಪೊರೆಯಂಥ ಮಿನುಗು ಚುಕ್ಕೆ ಕಂಡರೆ ಸಿ ಗ್ರೇನ್. ರಿಬ್‌ಗೆ (ರೆಕ್ಕೆಯ ಅಡ್ಡ ಪಕ್ಕೆ), ಟ್ರೇಲಿಂಗ್ ಎಡ್ಜ್‌ಗೆ (ರೆಕ್ಕೆಯ ಹಿಂದಂಚು), ಚಪ್ಪಟೆ ಬಾಲಕ್ಕೆ ಅದೇ ಬೇಕು. ಹಗುರದ ಸಿ ಗ್ರೇನ್ ಶೀಟು ಭಾರದ ಎ ಗ್ರೇನ್‌ಗಿಂತ ಅಡ್ಡಕ್ಕೆ ಗಟ್ಟಿ. ತೂಕ ಉಳಿಸಿ ಬಲವನ್ನೂ ಗಳಿಸುವ ಅವಕಾಶ ಇಡೀ ಕಟ್ಟಾಣಿಕೆಯಲ್ಲಿ ಹೀಗೆ ಸಿಗುವುದು ಕಡಿಮೆ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ತೂಗಿದ ಅಂಕಿಯನ್ನು ನಂಬಬಾರದು. ಮರ ತೇವ ಹೀರಿಕೊಂಡಿರುತ್ತದೆ. ಎರಡು ಕೆಜಿ ಮರದಲ್ಲಿ ಇದೇ 100 ಗ್ರಾಂ ದಾಟಬಹುದು. ಫಿಲ್ಮ್ ಹೊದಿಸುವ ಮುನ್ನ ಎರಡು ದಿನ ಒಣ ಕೋಣೆಯಲ್ಲಿಡಿ, ಇಲ್ಲದಿದ್ದರೆ ಆ ತೇವ ಒಳಗೇ ಉಳಿಯುತ್ತದೆ. ಐರನ್ ಇಟ್ಟಾಗ ಅದೇ ಗುಳ್ಳೆಯಾಗಿ ಏಳುತ್ತದೆ.

ಅಂಟು, ಮುಖ್ಯವಾಗಿ ರೆಕ್ಕೆಯ ಹೊದಿಕೆಯಲ್ಲಿ

ಅತಿ ಹೆಚ್ಚು ತೂಕ ಕದ್ದು ಸೇರುವುದು ಫೋಮ್ ತಿರುಳಿಗೆ ಬಾಲ್ಸಾ ಹೊದಿಕೆ ಅಂಟಿಸುವಾಗ. ಅರ್ಧ ರೆಕ್ಕೆಯ ಒಂದು ಮೈ ಸುಮಾರು 58 ಚದರ ಡೆಸಿಮೀಟರ್, ಅಂಥ ಮೈಗಳು ನಾಲ್ಕು. ಪ್ರತಿ ಮೈಗೆ 100 ಗ್ರಾಂ ಎಪಾಕ್ಸಿ (ಎರಡು ದ್ರವ ಕಲಸಿ ಮಾಡುವ ಅಂಟು) ಸುರಿಯುವವರಿದ್ದಾರೆ. 60 ಗ್ರಾಂ ಸಾಕು. ಅಲ್ಲಿಗೆ 160 ಗ್ರಾಂ ಉಳಿಯಿತು.

ಕ್ರಮ ಹೀಗೆ: ಶೀಟುಗಳನ್ನು ಅಂಚಿಗೆ ಅಂಚು ಜೋಡಿಸಿ, ಕೀಲುಗಳನ್ನು ನೀರಿನಲ್ಲಿ ಕರಗುವ ಮರದಂಟಿನಿಂದ ಕೂಡಿಸಿ, ಒಣಗಿದ ಮೇಲೆ ಹೊರಮೈಯನ್ನು ಈಗಲೇ ಉಜ್ಜಿ. ಸಿಎಯಿಂದ (ಥಟ್ಟನೆ ಹಿಡಿಯುವ ಸೂಪರ್ ಗ್ಲೂ) ಕೂಡಿಸಿದ ಕೀಲು ಮರಕ್ಕಿಂತ ಗಟ್ಟಿ, ಹಾಗಾಗಿ ಉಜ್ಜುವಾಗ ದಿಣ್ಣೆ ಎದ್ದು ಕಾಣುತ್ತದೆ, ಪಕ್ಕದ ಮರ ತಗ್ಗಾಗುತ್ತದೆ, ಆ ತಗ್ಗು ತುಂಬಲು ಫಿಲ್ಲರ್, ಫಿಲ್ಲರಿನ ಮೇಲೆ ಮತ್ತೆ ಉಜ್ಜು. ಫೋಮಿನ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ನಿಧಾನ ಗಟ್ಟಿಯಾಗುವ ಎಪಾಕ್ಸಿಯನ್ನು ತೂಗಿಯೇ ಕಲಸಿ, ಫೋಮಿಗಲ್ಲ, ಬಾಲ್ಸಾಕ್ಕೆ ಹಚ್ಚಿ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಳೆಯುತ್ತಾ ಹೋಗಿ. ಮರದ ಎಳೆ ಕಾಣುತ್ತಾ ಮೇಲೆ ಒದ್ದೆ ಹೊಳಪು ಮಾತ್ರ ಉಳಿದಾಗ ನಿಲ್ಲಿಸಿ. ಕಾರ್ಡಿನ ಮುಂದೆ ಅಂಟಿನ ಅಲೆ ನಿಂತಿದ್ದರೆ ಅದು ಹೆಚ್ಚಾಯಿತೆಂದು ಅರ್ಥ, ಕೆರೆದು ಡಬ್ಬಿಗೆ ಹಾಕಿ. ಫೋಮ್ ಕತ್ತರಿಸಿದಾಗ ಉಳಿದ ಹೊರತುಂಡುಗಳ (ತೊಟ್ಟಿಲುಗಳ) ನಡುವೆ ರೆಕ್ಕೆಯನ್ನಿಟ್ಟು ಸಮತಟ್ಟಾದ ಹಲಗೆಯ ಮೇಲೆ ಭಾರ ಹೇರಿ, ಅಥವಾ ವ್ಯಾಕ್ಯೂಮ್ ಚೀಲಕ್ಕೆ ಹಾಕಿ. ತೊಟ್ಟಿಲು ಸರಿದರೆ ರೆಕ್ಕೆ ತಿರುಚಿಕೊಳ್ಳುತ್ತದೆ, ಆಮೇಲೆ ಯಾವ ಟ್ರಿಮ್ಮಿಗೂ (ರೇಡಿಯೊದಲ್ಲಿ ಮಾಡುವ ಸಣ್ಣ ತಿದ್ದುಪಡಿ) ಬಗ್ಗುವುದಿಲ್ಲ.

ನೊರೆಯುವ ಪಾಲಿಯುರೆಥೇನ್ ಅಂಟು ಇದರ ಅರ್ಧ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ. ಬಾಲ್ಸಾಕ್ಕೆ ತೆಳುವಾಗಿ ಅಂಟು ಎಳೆದು, ಫೋಮಿಗೆ ಮಂಜಿನಂತೆ ನೀರು ಸಿಂಪಡಿಸಿದರೆ ಆಯಿತು. ಆದರೆ ಅದು ಉಬ್ಬುವಾಗ ಹೊದಿಕೆಯನ್ನು ತಳ್ಳುತ್ತದೆ, ಭಾರ ಸಾಲದಿದ್ದರೆ ಏರಿಳಿತ ಬರುತ್ತದೆ. ಸಾಧಾರಣ ಸಿಎ ಮತ್ತು ಪೆಟ್ರೋಲ್ ಎರಡೂ ಬಿಳಿ ಥರ್ಮಾಕೋಲನ್ನು ತಿಂದು ಹಾಕುತ್ತವೆ ಎಂಬುದನ್ನು ಮರೆಯಬೇಡಿ.

ಪ್ಲೈ ಕೊರೆಯುವುದು, ಕೊರೆಯದಿರುವುದು

3 ಮಿಮೀ ಬರ್ಚ್ ಪ್ಲೈ ಒಂದು ಚದರ ಡೆಸಿಮೀಟರಿಗೆ ಸುಮಾರು 20 ಗ್ರಾಂ, ಅದೇ ದಪ್ಪದ ಲೈಟ್‌ಪ್ಲೈ (ಹಗುರ ಮರದ ಪ್ಲೈ) 13 ಗ್ರಾಂ. ಕ್ಯಾಬಿನ್ನಿನ ಹಿಂದಿನ ಫಾರ್ಮರುಗಳಿಗೆ (ಒಡಲಿನ ಅಡ್ಡ ಚೌಕಟ್ಟು) ಬರ್ಚ್ ಬೇಕಿಲ್ಲ. ತೂತು ಕೊರೆಯುವಾಗ ಮೂಲೆಗಳನ್ನು ಕನಿಷ್ಠ 5 ಮಿಮೀ ತ್ರಿಜ್ಯದಲ್ಲಿ ದುಂಡಗೆ ಬಿಡಿ, ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಸಾಲಾಗಿ ದುಂಡು ತೂತು ಕೊರೆಯುವುದಕ್ಕಿಂತ ತ್ರಿಕೋನ ತೆಗೆದು ಓರೆ ಪಟ್ಟಿ ಉಳಿಸುವುದು ಒಳ್ಳೆಯದು. ಫ್ಯೂಸಲಾಜ್ ತಿರುಚದಂತೆ ಹಿಡಿಯುವುದು ಆ ಓರೆ ಪಟ್ಟಿಯೇ.

ಫೈರ್‌ವಾಲ್ (ಎಂಜಿನ್ ಬಿಗಿಯುವ ಹಲಗೆ), ಲ್ಯಾಂಡಿಂಗ್ ಗೇರ್ ಕೂರುವ ಹಲಗೆ, ರೆಕ್ಕೆಗಳನ್ನು ಒಡಲಿಗೆ ಕೂಡಿಸುವ ಕೊಳವೆಯ ಸಾಕೆಟ್, ಸ್ಟ್ಯಾಬಿನ ಪಿನ್ನುಗಳ ಸುತ್ತಲಿನ ಪ್ಲೈ ಇವುಗಳ ತಂಟೆಗೆ ಹೋಗಬೇಡಿ. ಇಲ್ಲಿ 40 ಗ್ರಾಂ ಉಳಿಸಿದವರು ಒರಟು ಲ್ಯಾಂಡಿಂಗ್ ಒಂದಾದ ಮೇಲೆ 150 ಗ್ರಾಂ ರಿಪೇರಿ ಹೊತ್ತು ಹಾರಿಸುತ್ತಾರೆ. ಗೇರ್ ಹಲಗೆ ಕೂಡುವ ಮೂಲೆಗಳಿಗೆ ಕಾರ್ಬನ್ ಎಳೆ ಹಾಕಿ ಎಪಾಕ್ಸಿ ಹಚ್ಚಲು 10 ಗ್ರಾಂ ಸಾಕು. ಎಂಜಿನ್ ಪೆಟ್ಟಿಗೆಯ ಒಳಹೊರಗೆ ತೆಳುವಾಗಿ ಎಪಾಕ್ಸಿ ಬಳಿಯುವುದೂ ತೂಕ ಉಳಿಸುವ ಕೆಲಸವೇ. ಬಳಿಯದ ಪ್ಲೈ ಒಂದೇ ಸೀಸನ್ನಿನಲ್ಲಿ ಎಣ್ಣೆ ಕುಡಿದು ಭಾರವಾಗುತ್ತದೆ, ಅಂಟೂ ಬಿಡುತ್ತದೆ.

ರೆಕ್ಕೆಯ ಕೊಳವೆಯಲ್ಲಿ ದುಡ್ಡು ಕೊಟ್ಟು ತೂಕ ಇಳಿಸಬಹುದು. 32 ಮಿಮೀ ವ್ಯಾಸ, ಒಂದೂವರೆ ಮಿಮೀ ಗೋಡೆಯ, 91 ಸೆಂಮೀ ಉದ್ದದ ಅಲ್ಯುಮಿನಿಯಂ ಕೊಳವೆ ಸುಮಾರು 345 ಗ್ರಾಂ, ಹತ್ತಿರದ ಅಳತೆಯ ಕಾರ್ಬನ್ ಕೊಳವೆ 215 ಗ್ರಾಂ. ಆದರೆ ಈ 130 ಗ್ರಾಂ ಸಿಜಿಯ ಹತ್ತಿರವೇ ಇರುವುದರಿಂದ ಮೂತಿಯ ದಂಡ ಉಳಿಯುವುದಿಲ್ಲ. ಕಿಸೆ ಬಿಗಿಯಿದ್ದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಫಿಲ್ಮ್ ಮತ್ತು ಬಣ್ಣ

ಸಾಧಾರಣ ಐರನ್ ಫಿಲ್ಮ್ ಚದರ ಮೀಟರಿಗೆ 60 ಗ್ರಾಂ ಆಸುಪಾಸು, ಹಗುರ ಬಗೆ 40ರ ಹತ್ತಿರ. ಎಲ್ಲ ಸೇರಿ ನಾಲ್ಕೂವರೆ ಚದರ ಮೀಟರ್ ಹೊದಿಸಬೇಕು. ತೂಕ ಏರಿಸುವುದು ಒಂದರ ಮೇಲೊಂದು ಹಾಕಿದ ಪಟ್ಟೆ, ನಕ್ಷತ್ರ, ಚೌಕಳಿ. ಅರ್ಧ ಮೈಯಲ್ಲಿ ಎರಡು ಪದರ ಬಂದರೂ 130 ಗ್ರಾಂ. ಬಣ್ಣಗಳನ್ನು ಅಂಚಿಗೆ 5 ಮಿಮೀ ಮೇಲೇರುವಂತೆ ಮಾತ್ರ ಕೂಡಿಸಿ, ಬಾಲದಲ್ಲಿ ಪಟ್ಟೆಯ ಆಸೆ ಬಿಡಿ. ಕೌಲ್ ಮತ್ತು ವೀಲ್ ಪ್ಯಾಂಟಿಗೆ (ಚಕ್ರದ ಕವಚ) ಬಣ್ಣ ಹೊಡೆಯುವಾಗ ಪ್ರೈಮರನ್ನು ಪಿನ್‌ಹೋಲ್ (ಸೂಜಿಮೊನೆಯಷ್ಟು ತೂತು) ತುಂಬಿದಷ್ಟೇ ಉಳಿಸಿ ಮಿಕ್ಕಿದ್ದನ್ನು ಉಜ್ಜಿ ತೆಗೆಯಿರಿ.

ರಡರ್ (ಬಾಲದ ನೆಟ್ಟ ಫಲಕ), ಎಲಿವೇಟರ್ (ಬಾಲದ ಅಡ್ಡ ಫಲಕ), ಏಲರಾನ್‌ಗಳ ಹಿಂಬದಿ ಭಾರವಾದರೆ ಸಿಜಿಯ ತೊಂದರೆಯ ಜೊತೆ ಫ್ಲಟರ್, ಅಂದರೆ ಹಾರುವಾಗ ಫಲಕ ತಾನಾಗಿ ಜೋರಾಗಿ ಅದುರುವ ಅಪಾಯವೂ ಬರುತ್ತದೆ. ಹಿಂಜ್ ರೇಖೆಯ ಹಿಂದಿನ ತೂಕ ಹೆಚ್ಚಿದಷ್ಟೂ ಕಡಿಮೆ ವೇಗದಲ್ಲೇ ಅದು ಅದುರಲು ಶುರುಮಾಡುತ್ತದೆ. ಹಾಗಾಗಿ ಇವುಗಳಲ್ಲಿ ಫಿಲ್ಲರ್ ಬಳಸದಿರುವುದೇ ಉತ್ತಮ. ಹಿಂಜ್ ಸಂದನ್ನು ಫಿಲ್ಮಿನಿಂದ ಮುಚ್ಚುವುದನ್ನು ಮಾತ್ರ ತೂಕದ ನೆಪ ಹೇಳಿ ಬಿಡಬೇಡಿ.

ಸರ್ವೊ, ಬ್ಯಾಟರಿ

ಏಲರಾನ್‌ಗೆ ನಾಲ್ಕು, ಎಲಿವೇಟರ್‌ಗೆ ಎರಡು, ರಡರ್‌ಗೆ ಒಂದು, ಥ್ರಾಟಲ್‌ಗೆ ಒಂದು ಸರ್ವೊ. ಸಣ್ಣ ಸರ್ವೊ ಹಾಕಿ ತೂಕ ಉಳಿಸುವ ಯೋಚನೆ ಥ್ರಾಟಲ್ ಬಿಟ್ಟು ಬೇರೆಲ್ಲೂ ಬೇಡ. ರಡರ್ ಸರ್ವೊವನ್ನು ಬಾಲದಲ್ಲಿಡದೆ ಕ್ಯಾಬಿನ್ನಿನಲ್ಲಿಟ್ಟು ಪುಲ್–ಪುಲ್ ತಂತಿ (ರಡರನ್ನು ಎರಡೂ ಬದಿಯಿಂದ ಎಳೆಯುವ ಜೋಡಿ ತಂತಿ) ಎಳೆದರೆ 70 ಗ್ರಾಂ ಬಾಲದಿಂದ ಸಿಜಿಯ ಬಳಿಗೆ ಬರುತ್ತದೆ. ಮೂತಿಯ 175 ಗ್ರಾಂ ದಂಡ ತಪ್ಪಿದ ಹಾಗೆ. ಇಗ್ನಿಷನ್ನಿಗೆ ಬೇರೆ ಬ್ಯಾಟರಿ ಇಡದೆ, ವೋಲ್ಟೇಜ್ ಇಳಿಸಿ ವಿದ್ಯುತ್ತಿನ ಗದ್ದಲ (ನಾಯ್ಸ್) ಸೋಸುವ ಎಲಿಮಿನೇಟರ್ ಮೂಲಕ ರಿಸೀವರ್ ಕಡೆಯಿಂದಲೇ ವಿದ್ಯುತ್ ಕೊಡುವ ಪದ್ಧತಿಯೂ ಇದೆ. ಒಂದು ಬ್ಯಾಟರಿ, ಒಂದು ಸ್ವಿಚ್ ಕಡಿಮೆ. ಆದರೆ ರಿಸೀವರಿನ ಎರಡು ಬ್ಯಾಟರಿಗಳಲ್ಲಿ ಒಂದನ್ನು ಕಿತ್ತು ಹಗುರ ಮಾಡುವುದು ಜಾಣತನವಲ್ಲ. ವೈರುಗಳನ್ನು ಅಳೆದು ಕತ್ತರಿಸಿ, ಸುರುಳಿ ಸುತ್ತಿ ತುರುಕಬೇಡಿ.

ಒಂದು ಲೀಟರ್ ಪೆಟ್ರೋಲ್ 740 ಗ್ರಾಂ ತೂಗುತ್ತದೆ. ಟ್ಯಾಂಕ್ ಸಿಜಿಯ ಮೇಲೆಯೇ ಇರಲಿ. ಹತ್ತು ನಿಮಿಷದ ಹಾರಾಟಕ್ಕೆ ಪ್ರತಿ ಸಲ ಟ್ಯಾಂಕ್ ತುಂಬಿಸಬೇಕಾಗಿಲ್ಲ, ತಿರುಗಿ ಇಳಿಯಲು ಬೇಕಾದ ಉಳಿಕೆ ಇಟ್ಟುಕೊಂಡರೆ ಸಾಕು.

ಕೊನೆಯ ತೂಕ

ಬ್ಯಾಟರಿ ಟ್ರೇ, ಇಗ್ನಿಷನ್ ಪೆಟ್ಟಿಗೆ, ರಿಸೀವರ್ ಇವುಗಳನ್ನು ಎಲ್ಲ ಮುಗಿಯುವವರೆಗೂ ಟೇಪಿನಲ್ಲೇ ನಿಲ್ಲಿಸಿರಿ. ಹೊದಿಸಿ, ಹಿಂಜ್ ಹಾಕಿ, ಪ್ರೊಪೆಲ್ಲರ್ ಮತ್ತು ಸ್ಪಿನ್ನರ್ ಬಿಗಿದು, ಟ್ಯಾಂಕ್ ಖಾಲಿ ಇಟ್ಟು ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ, ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಡಿ. ಮೂರರ ಮೊತ್ತವೇ ತೂಕ, ಚಕ್ರಗಳ ಅಂತರದಿಂದ ಸಿಜಿ ಲೆಕ್ಕ ಹಾಕಬಹುದು. 11 ಕೆಜಿ ವಿಮಾನದ ಸಿಜಿ 10 ಮಿಮೀ ಹಿಂದೆ ಬಂದಿದ್ದರೆ, ಮೂತಿಯಲ್ಲಿ 50 ಸೆಂಮೀ ಮುಂದೆ ಸೀಸ ಇಡಲು ಹೊರಟರೆ 220 ಗ್ರಾಂ ಬೇಕು. ಅದೇ ಒಟ್ಟು 300 ಗ್ರಾಂ ತೂಗುವ ಬ್ಯಾಟರಿಗಳನ್ನು 37 ಸೆಂಮೀ ಮುಂದಕ್ಕೆ ಸರಿಸಿದರೆ ಒಂದು ಗ್ರಾಂ ಕೂಡ ಸೇರುವುದಿಲ್ಲ. ಅಷ್ಟು ಜಾಗ ಎಂಜಿನ್ ಪೆಟ್ಟಿಗೆಯ ಪಕ್ಕದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಟ್ರೇಯನ್ನು ಅಂಟಿಸುವುದು ಆಮೇಲೆ.