ವಿದೇಶಕ್ಕೆ ಹೊರಡುವ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಮೊದಲು ಜೋಡಿಸಬೇಕಾದ ಕಡತ

ಬೆಂಗಳೂರಿನ ಕಾಲೇಜುಗಳಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ಓದಿ ಮುಗಿಸಿದ ಬಹಳಷ್ಟು ಮಂದಿಯ ಗುರುತಿನ ಚೀಟಿಯ ಮೇಲೆ ಇರುವುದು ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಪದನಾಮ. ಅವರಲ್ಲಿ ಕೆಲವರು ನಿಜಕ್ಕೂ ಬ್ಯಾಂಕುಗಳಿಗೆ ತಂತ್ರಾಂಶ ಬರೆಯುತ್ತಾರೆ. ಇನ್ನು ಕೆಲವರು ದಿನವಿಡೀ ಆಸಿಲೋಸ್ಕೋಪಿನ ಮುಂದೆ ಕುಳಿತು ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುತ್ತಾರೆ, ಚಿಪ್ ವಿನ್ಯಾಸವನ್ನು ತಾಳೆ ನೋಡುತ್ತಾರೆ. ಇಲ್ಲಿ ಕೆಲಸ ಬದಲಿಸುವಾಗ ಈ ವ್ಯತ್ಯಾಸವನ್ನು ಯಾರೂ ಅಷ್ಟಾಗಿ ಕೆದಕುವುದಿಲ್ಲ. ಕೌಶಲ ವಲಸೆಗೆ ಅರ್ಜಿ ಹಾಕುವಾಗ ಮಾತ್ರ ಇದೇ ಮೊದಲ ಪ್ರಶ್ನೆಯಾಗಿ ನಿಲ್ಲುತ್ತದೆ. ಆದ್ದರಿಂದ ಯಾವ ದೇಶ ಎಂದು ಯೋಚಿಸುವುದಕ್ಕೂ ಮೊದಲು, ತಾನು ಮಾಡುತ್ತಿರುವ ಕೆಲಸ ಯಾವ ಉದ್ಯೋಗ ಸಂಕೇತದಡಿ (ವಲಸೆ ಪಟ್ಟಿಯಲ್ಲಿ ಪ್ರತಿ ವೃತ್ತಿಗೂ ಕೊಟ್ಟಿರುವ ಸಂಖ್ಯೆಯಡಿ) ಬರುತ್ತದೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಆಸ್ಟ್ರೇಲಿಯಾದ ವಲಸೆ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಸಂಕೇತ 233411. ಅರ್ಹತೆಯನ್ನು ಅಳೆಯುವ ಸಂಸ್ಥೆ ಎಂಜಿನಿಯರ್ಸ್ ಆಸ್ಟ್ರೇಲಿಯಾ. ಸಾಫ್ಟ್‌ವೇರ್ ಎಂಜಿನಿಯರ್ ಸಂಕೇತ 261313, ಅದನ್ನು ಅಳೆಯುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ. ಕೆನಡಾದಲ್ಲಿ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳಿಗೆ ಒಟ್ಟಾಗಿ 21310, ಕಂಪ್ಯೂಟರ್ ಎಂಜಿನಿಯರುಗಳಿಗೆ 21311. ಎಲ್ಲೆಡೆಯೂ ಲೆಕ್ಕಕ್ಕೆ ಬರುವುದು ಮಾಡಿದ ಕೆಲಸವೇ ಹೊರತು ಪದನಾಮವಲ್ಲ. ಎಂಬೆಡೆಡ್ ವಿಭಾಗದಲ್ಲಿ, ಅಂದರೆ ಉಪಕರಣದೊಳಗೇ ಕೂರುವ ತಂತ್ರಾಂಶದ ಕೆಲಸದಲ್ಲಿ ಇರುವವರಿಗೆ ಇದು ನಿಜಕ್ಕೂ ತೊಡಕಿನ ವಿಷಯ, ಏಕೆಂದರೆ ಅವರ ಒಂದು ಕಾಲು ಹಾರ್ಡ್‌ವೇರಿನಲ್ಲಿ, ಇನ್ನೊಂದು ಕಾಲು ಕೋಡಿನಲ್ಲಿ. ಕಳೆದ ಮೂರು ವರ್ಷಗಳಲ್ಲಿ ಯಾವುದರಲ್ಲಿ ಹೆಚ್ಚು ಹೊತ್ತು ಕಳೆದಿದ್ದೀರಿ ಎಂದು ಕಾಗದದ ಮೇಲೆ ಬರೆದು ನೋಡಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಸಂಕೇತ ನಿಶ್ಚಯವಾದ ಮೇಲೆ ಅನುಭವ ಪತ್ರಗಳ ಸರದಿ. ನನ್ನ ಅಂದಾಜಿನಲ್ಲಿ ನಮ್ಮೂರಿನ ಅರ್ಜಿಗಳು ಎಡವುವುದು ಇಲ್ಲಿಯೇ. ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಪದನಾಮ, ಜೊತೆಗೊಂದು ಶುಭಹಾರೈಕೆ ಇದ್ದರೆ ಅದೇ ಹೆಚ್ಚು. ವಲಸೆಗೆ ಬೇಕಾದ ಪತ್ರದಲ್ಲಿ ನಿರ್ವಹಿಸಿದ ಕೆಲಸಗಳ ವಿವರ, ವಾರಕ್ಕೆ ಎಷ್ಟು ಗಂಟೆ ಎಂಬುದು, ಸಹಿ ಹಾಕಿದವರ ಹುದ್ದೆ ಮತ್ತು ಸಂಪರ್ಕ, ಇಷ್ಟೂ ಕಂಪನಿಯ ಲೆಟರ್‌ಹೆಡ್ ಮೇಲೆ ಇರಬೇಕು. ಆಸ್ಟ್ರೇಲಿಯಾ ವೀಸಾ ಅರ್ಜಿದಾರರಿಗೆ ಕೊಡುವ ಅಂಕಗಳ ಲೆಕ್ಕಕ್ಕೆ ವಾರಕ್ಕೆ ಕನಿಷ್ಠ 20 ಗಂಟೆಯ ಸಂಬಳದ ಕೆಲಸ ಮಾತ್ರ ಸೇರುತ್ತದೆ. ಪತ್ರದ ಬೆನ್ನಿಗೆ ಫಾರ್ಮ್ 16, ಪಿಎಫ್ ಪಾಸ್‌ಬುಕ್, ಸಂಬಳ ಜಮೆಯಾದ ಬ್ಯಾಂಕ್ ಖಾತೆಯ ವಿವರ ಇದ್ದರೆ ಪತ್ರದ ಮಾತಿಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಪೀಣ್ಯದ ಸಣ್ಣ ಘಟಕವೊಂದರಲ್ಲಿ ದುಡಿದು ಸಂಬಳವನ್ನು ನಗದಾಗಿ ಪಡೆದವರಿಗೆ ಈ ಹಂತ ಕಷ್ಟ. ಘಟಕ ಮುಚ್ಚುವ ಮೊದಲೇ ಹೋಗಿ ಮಾಲೀಕರಿಂದ ಪತ್ರ ಬರೆಸಿಕೊಳ್ಳುವುದು ಒಳಿತು. ಬಿಇಎಲ್ ಅಥವಾ ಡಿಆರ್‌ಡಿಒ ಪ್ರಯೋಗಾಲಯಗಳಂಥ ಕಡೆ ಕೆಲಸ ಮಾಡಿದವರು ರಕ್ಷಣಾ ಗೋಪ್ಯತೆಗೆ ಒಳಪಟ್ಟ ವಿವರಗಳನ್ನು ಹೊರಗಿಟ್ಟು, ಮಾಡಿದ ಎಂಜಿನಿಯರಿಂಗ್ ನಿರ್ಧಾರಗಳನ್ನಷ್ಟೇ ವರ್ಣಿಸುವ ಪತ್ರವನ್ನು ಕೇಳಬೇಕು.

ಮೂರನೆಯದು ಪದವಿ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವವನ್ನು ಭಾರತವು 2014ರಲ್ಲಿ ಪಡೆಯಿತಾದರೂ, ಅದರ ಫಲ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಟಿಯರ್-1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ. ವಿಟಿಯು ವ್ಯಾಪ್ತಿಯ ಸ್ವಾಯತ್ತ ಕಾಲೇಜುಗಳು ಟಿಯರ್-1ಕ್ಕೆ ಅರ್ಜಿ ಹಾಕಬಲ್ಲವು, ಸ್ವಾಯತ್ತವಲ್ಲದ ಕಾಲೇಜುಗಳು ಬರುವುದು ಟಿಯರ್-2ರಲ್ಲಿ. ಕಾಲೇಜಿನ ಹೆಸರನ್ನು ನೋಡಿದರೆ ಸಾಲದು. ನಿಮ್ಮ ಕೋರ್ಸಿಗೆ, ನೀವು ಪಾಸಾದ ವರ್ಷಕ್ಕೆ ಮಾನ್ಯತೆ ಇತ್ತೇ ಎಂಬುದನ್ನು ಎನ್‌ಬಿಎ ಪಟ್ಟಿಯಲ್ಲಿ ಹುಡುಕಬೇಕು.

ಮಾನ್ಯತೆ ಇಲ್ಲದವರಿಗೆ ಆಸ್ಟ್ರೇಲಿಯಾ ತೆರೆದಿಟ್ಟಿರುವ ದಾರಿಯ ಹೆಸರು ಸಿಡಿಆರ್, ಅಂದರೆ ತನ್ನ ಸಾಮರ್ಥ್ಯವನ್ನು ತಾನೇ ತೋರಿಸಿಕೊಡುವ ವರದಿ. ತಲಾ 1,000ದಿಂದ 2,500 ಪದಗಳ ಮೂರು ವೃತ್ತಿ ಪ್ರಸಂಗಗಳನ್ನು ಇಂಗ್ಲಿಷಿನಲ್ಲಿ, ‘ನಾನು ಮಾಡಿದೆ’ ಎಂಬ ಧಾಟಿಯಲ್ಲಿ, ಪ್ಯಾರಾಗಳಿಗೆ ಸಂಖ್ಯೆ ಹಾಕಿ ಬರೆಯಬೇಕು. ವೃತ್ತಿಪರ ಎಂಜಿನಿಯರ್ ದರ್ಜೆಗೆ ನಿಗದಿಯಾದ 16 ಸಾಮರ್ಥ್ಯಗಳು ಯಾವ ಯಾವ ಪ್ಯಾರಾದಲ್ಲಿ ಕಾಣುತ್ತವೆ ಎಂದು ಸಾರಾಂಶ ಪಟ್ಟಿಯಲ್ಲಿ ತೋರಿಸಬೇಕು. ‘ನಾವು’ ಎಂದು ಬರೆಯುವ ನಮ್ಮ ಸಂಕೋಚ ಇಲ್ಲಿ ನಷ್ಟಕ್ಕೆ ಕಾರಣವಾಗುತ್ತದೆ. ವಿದ್ಯುತ್ ಪೂರೈಕೆಯ ಏರಿಳಿತವನ್ನು (ನಾಯ್ಸ್) ತಗ್ಗಿಸಲು ನೀವು ಯಾವ ಕೆಪಾಸಿಟರ್ ಆರಿಸಿದಿರಿ, ಏಕೆ ಆರಿಸಿದಿರಿ, ಮೊದಲ ಪ್ರಯತ್ನ ಏಕೆ ಸೋತಿತು ಎಂಬುದೇ ಮೌಲ್ಯಮಾಪಕರಿಗೆ ಬೇಕು. ಅಂತಿಮ ವರ್ಷದ ಪ್ರಾಜೆಕ್ಟನ್ನೂ ಒಂದು ಪ್ರಸಂಗವಾಗಿ ಬಳಸಬಹುದು. ಆದರೆ ಅದನ್ನು ಪ್ರಾಜೆಕ್ಟ್ ಸೆಂಟರಿನಿಂದ ಕೊಂಡು ತಂದವರಿಗೆ ಬರೆಯಲು ಏನೂ ಸಿಗುವುದಿಲ್ಲ. ಸಿದ್ಧ ಸಿಡಿಆರ್ ಮಾರುವವರೂ ಇದ್ದಾರೆ. ನಕಲು ಪತ್ತೆಯಾದರೆ ಅರ್ಜಿ ತಿರಸ್ಕೃತವಾಗುವುದಲ್ಲದೆ ಮತ್ತೆ ಅರ್ಜಿ ಹಾಕುವುದಕ್ಕೂ ನಿಷೇಧ ಬೀಳುತ್ತದೆ.

ಈಗ ಅಂಕಗಳ ಲೆಕ್ಕ. ಆಸ್ಟ್ರೇಲಿಯಾದ ಕೌಶಲ ವಲಸೆಯ 189 (ಸ್ವತಂತ್ರ), 190 (ರಾಜ್ಯದ ನಾಮನಿರ್ದೇಶನ), 491 (ಪ್ರಾದೇಶಿಕ) ವೀಸಾಗಳಿಗೆ ವಯಸ್ಸು 45ರ ಒಳಗಿರಬೇಕು, ಅಂಕ ಕನಿಷ್ಠ 65 ಇರಬೇಕು. ಮೂವತ್ತು ವರ್ಷದ, ಬಿಇ ಪದವಿಯ, ಐದು ವರ್ಷ ಅನುಭವದ, ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 7 ಪಡೆದ ವ್ಯಕ್ತಿಗೆ ಕ್ರಮವಾಗಿ 30, 15, 10, 10 ಸೇರಿ ಸರಿಯಾಗಿ 65 ಆಗುತ್ತದೆ. ಇದು ಸಾಲಿನಲ್ಲಿ ನಿಲ್ಲಲು ಬೇಕಾದ ಅಂಕವಷ್ಟೇ. ಆಹ್ವಾನ ಬರುವುದು ಹೆಚ್ಚು ಅಂಕದವರಿಗೆ ಮೊದಲು. ನಾಲ್ಕೂ ವಿಭಾಗಗಳಲ್ಲಿ 8 ಪಡೆದರೆ ಇಂಗ್ಲಿಷಿಗೆ 20 ಸಿಗುತ್ತದೆ, ರಾಜ್ಯವೊಂದರ ನಾಮನಿರ್ದೇಶನವಿದ್ದರೆ 190ರಲ್ಲಿ 5, 491ರಲ್ಲಿ 15 ಕೂಡುತ್ತದೆ. 33 ತುಂಬಿದ ದಿನ ವಯಸ್ಸಿನ ಅಂಕದಲ್ಲಿ 5 ಕಡಿತವಾಗುತ್ತದೆ, ಹಾಗಾಗಿ ಭಾಷಾ ಪರೀಕ್ಷೆಯನ್ನು ‘ಮುಂದಿನ ವರ್ಷ ನೋಡೋಣ’ ಎನ್ನುವುದು ದುಬಾರಿ.

ಕೆನಡಾದ ಕೌಶಲ ವಲಸೆ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿಗೆ, ನಮ್ಮ ಪದವಿ ಅಲ್ಲಿನ ಯಾವ ಪದವಿಗೆ ಸಮ ಎಂದು ಹೇಳುವ ತುಲನಾ ವರದಿ ಬೇಕು. ಅದರ ಮಾನ್ಯತೆ ಐದು ವರ್ಷ. ಆ ವರದಿ ಎಂಜಿನಿಯರ್ ಪರವಾನಗಿಯಲ್ಲ, ಪರವಾನಗಿಯನ್ನು ಪ್ರಾಂತ್ಯದ ಸಂಸ್ಥೆಯಿಂದ ಪ್ರತ್ಯೇಕವಾಗಿ ಪಡೆಯಬೇಕು. ಜರ್ಮನಿಯ ಬ್ಲೂ ಕಾರ್ಡಿಗೆ (ಪದವೀಧರರಿಗೆ ಕೊಡುವ ಉದ್ಯೋಗ ಮತ್ತು ವಾಸದ ಪರವಾನಗಿ) ಅಂಕಗಳಿಲ್ಲ, ಉದ್ಯೋಗ ಒಪ್ಪಂದ ಬೇಕು. ಎಂಜಿನಿಯರುಗಳಂಥ ಕೊರತೆಯ ವೃತ್ತಿಗಳಿಗೆ 2025ರಲ್ಲಿ ವಾರ್ಷಿಕ ಸಂಬಳದ ಮಿತಿ 43,759.80 ಯೂರೊ ಇತ್ತು, ಇದು ವರ್ಷವರ್ಷ ಬದಲಾಗುತ್ತದೆ. ಕಾಯಂ ವಾಸಕ್ಕೆ ಜರ್ಮನ್ ಭಾಷೆ ಎ1 (ಆರಂಭಿಕ) ಮಟ್ಟದಲ್ಲಿದ್ದರೆ ಬ್ಲೂ ಕಾರ್ಡಿನಡಿ 27 ತಿಂಗಳ ಕೆಲಸ, ಬಿ1 (ಮಧ್ಯಮ) ಇದ್ದರೆ 21 ತಿಂಗಳು ಸಾಕು. ಇಂದಿರಾನಗರದ ಮ್ಯಾಕ್ಸ್ ಮ್ಯೂಲರ್ ಭವನದ ಜರ್ಮನ್ ತರಗತಿಗಳಿಗೆ ಎಂಜಿನಿಯರುಗಳು ಸೇರುವುದಕ್ಕೆ ಇದೂ ಒಂದು ಕಾರಣ.

ಕೊನೆಯಲ್ಲಿ ಪೊಲೀಸ್ ಕ್ಲಿಯರೆನ್ಸ್, ಅದಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅರ್ಜಿ. ಅದಕ್ಕೂ ಮೊದಲು ಹೆಸರನ್ನು ಒಮ್ಮೆ ಸರಿನೋಡಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಉಪನಾಮವಾಗಿ, ಪಿಎಫ್ ಖಾತೆಯಲ್ಲಿ ಊರಿನ ಹೆಸರು ಮುಂದೆ ಸೇರಿಕೊಂಡು, ಒಬ್ಬರೇ ಮೂವರಾಗಿ ಕಾಣುವುದು ನಮ್ಮಲ್ಲಿ ಸಾಮಾನ್ಯ. ಮೂರೂ ಹೆಸರುಗಳು ಒಬ್ಬರದೇ ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ನೋಟರಿಯಿಂದ ಮೊದಲೇ ಮಾಡಿಸಿ ಕಡತದ ಮೇಲ್ಭಾಗದಲ್ಲಿಡಿ.