200 ಎಳೆ ಹಾಸಿನ ಮೇಲೊಂದು ರತ್ನಗಂಬಳಿ

ನಾನು ನೇಯ್ದ ಮೊದಲ ನೆಲಹಾಸನ್ನು ಮಗ್ಗದಿಂದ ಇಳಿಸಿ ನೆಲಕ್ಕೆ ಹಾಕಿದಾಗ ಅದು ಚೌಕವಾಗಿ ಕೂರಲಿಲ್ಲ. ಎರಡು ತುದಿಯಲ್ಲಿ 24 ಇಂಚು ಅಗಲ, ನಡುವೆ 21. ಡಮರುಗದ ಹಾಗೆ ಸೊಂಟ ಒಳಕ್ಕೆ ಹೋಗಿತ್ತು. ಎಡಗಡೆಯ ಮೂಲೆ ಮೇಲೆದ್ದಿತ್ತು. ಅಂಗೈಯಿಂದ ಒತ್ತಿದರೆ ಕೂರುತ್ತಿತ್ತು, ಕೈ ತೆಗೆದ ತಕ್ಷಣ ಮತ್ತೆ ಏಳುತ್ತಿತ್ತು. ತುಂಬಾ ಬೇಜಾರಾಯಿತು. ಬಣ್ಣ ಆರಿಸಲು, ವಿನ್ಯಾಸ ಬರೆಯಲು ಒಂದು ತಿಂಗಳು ಕೊಟ್ಟಿದ್ದೆ. ಮಗ್ಗಕ್ಕೆ ಹಾಸಿನ ದಾರ ಕಟ್ಟಲು ಕೊಟ್ಟಿದ್ದು ಎರಡೇ ಸಂಜೆ.

ತಪ್ಪು ಆ ಎರಡು ಸಂಜೆಯಲ್ಲೇ ಇತ್ತು.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟುವ ದಾರ ಹಾಸು. ಅದರ ನಡುವೆ ಅಡ್ಡಕ್ಕೆ ಹೊಗಿಸುವ ದಾರ ಹೊಕ್ಕು. ಹಾಸುಹೊಕ್ಕು ಅನ್ನುವ ಮಾತನ್ನು ನಾವು ದಿನಾ ಬಳಸುತ್ತೇವೆ, ಅಲ್ವಾ? ಆದರೆ ರತ್ನಗಂಬಳಿ ಮುಗಿದ ಮೇಲೆ ಹಾಸು ಕಣ್ಣಿಗೆ ಬೀಳುವುದು ತುದಿಯ ಕುಚ್ಚಿನಲ್ಲಿ ಮಾತ್ರ. ಉಳಿದದ್ದೆಲ್ಲ ಉಣ್ಣೆಯ ಕೆಳಗೆ ಅಡಗಿಬಿಡುತ್ತದೆ. ಕಾಣದ ದಾರ ಅಂತ ನಾನು ಅದನ್ನು ಹಗುರವಾಗಿ ತೆಗೆದುಕೊಂಡಿದ್ದೆ. ಮನೆಯಲ್ಲಿದ್ದ ಹೆಣಿಗೆಯ ಉಣ್ಣೆಯನ್ನೇ ಹಾಸಿನ ದಾರವಾಗಿ ಬಳಸಿದ್ದೆ. ಉಣ್ಣೆ ಹಿಗ್ಗುತ್ತದೆ. ಎಳೆದು ಕಟ್ಟಿದಾಗ ಬಿಗಿಯಾಗಿತ್ತು, ನೇಯುತ್ತಾ ಹೋದಂತೆ ಸಡಿಲವಾಯಿತು. ಜೊತೆಗೆ ಅರ್ಧವನ್ನು ಒಂದು ಸಂಜೆ ಸುತ್ತಿ, ಉಳಿದರ್ಧವನ್ನು ಮರುದಿನ ಸುತ್ತಿದ್ದೆ. ದಣಿದ ಕೈಯ ಬಿಗಿ ಬೇರೆ, ದಣಿಯದ ಕೈಯ ಬಿಗಿ ಬೇರೆ. ಎಡಮೂಲೆ ಎದ್ದದ್ದು ಅದಕ್ಕೇ.

ನೇಯ್ಗೆ ಬಲ್ಲ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಮೇಲ್ಭಾಗವನ್ನು ನೋಡಲೇ ಇಲ್ಲ. ತಿರುಗಿಸಿ ಹಿಂಭಾಗದ ಮೇಲೆ ಬೆರಳಾಡಿಸಿದರು. "ಬಣ್ಣ ಚೆನ್ನಾಗಿ ಹಾಕಿದ್ದೀಯಮ್ಮಾ. ಮುಂದಿನ ಸಲ ಹಾಸು ಕಟ್ಟಿದ ಮೇಲೆ ಒಂದು ದಿನ ಸುಮ್ನೆ ಬಿಡು. ಮರುದಿನ ಮೀಟಿ ನೋಡು, ಆಮೇಲೆ ಶುರು ಮಾಡು" ಅಂದರು.

ಎರಡನೇ ಸಲ ಹಾಗೇ ಮಾಡಿದೆ. 3 ಅಡಿ ಅಗಲ, 5 ಅಡಿ ಎತ್ತರದ ಗಟ್ಟಿ ಮರದ ಚೌಕಟ್ಟು. ಹಾಸಿನ ಎಳೆಗಳಿಗೆ ಹಿಗ್ಗದ, ನಾಲ್ಕೆಳೆ ಹುರಿ ಮಾಡಿದ ಹತ್ತಿ ದಾರ. ಇಂಚಿಗೆ 8 ಎಳೆಯಂತೆ 24 ಇಂಚಿಗೆ 192 ಎಳೆ. ಅಂಚು ಗಟ್ಟಿಯಾಗಿರಲಿ ಅಂತ ಎರಡೂ ಕಡೆ ನಾಲ್ಕು ನಾಲ್ಕು ಎಳೆ ಒತ್ತಾಗಿ ಸೇರಿಸಿದೆ. ಒಟ್ಟು 200. ಮೇಲಿನ ಮತ್ತು ಕೆಳಗಿನ ಮರಕ್ಕೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿದರೆ ಒಂದು ಎಳೆ ಮುಂದೆ, ಒಂದು ಹಿಂದೆ ತಾನಾಗಿ ಬೇರೆಯಾಗಿ ನಿಲ್ಲುತ್ತವೆ. ಒಂದೇ ಸಲಕ್ಕೆ ಕೂತು, ಎದ್ದು ಹೋಗದೆ ಸುತ್ತಿದೆ.

ಮರುದಿನ ಬೆಳಿಗ್ಗೆ ತೋರುಬೆರಳಿನಿಂದ ಎಡದಿಂದ ಬಲಕ್ಕೆ ಮೀಟಿದೆ. ಬಿಗಿ ಇರುವ ಎಳೆ 'ಟಂಗ್' ಅನ್ನುತ್ತದೆ. ಸಡಿಲ ಇರುವುದು 'ಡಬ್' ಅನ್ನುತ್ತದೆ. ಹನ್ನೊಂದು ಎಳೆಗಳು ಸಡಿಲ ಸಿಕ್ಕವು. ಅವನ್ನು ಬಿಚ್ಚಬೇಕಾಗಿಲ್ಲ. ಮೇಲಿನ ಮರಕ್ಕೂ ಎಳೆಗೂ ನಡುವೆ ಒಂದು ಸಣ್ಣ ಕಡ್ಡಿ ತೂರಿಸಿದರೆ ಸಾಕು, ಬಿಗಿಯಾಗುತ್ತದೆ. ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು.

ಸೊಂಟ ಒಳಕ್ಕೆ ಹೋಗುವುದಕ್ಕೆ ಕಾರಣ ಬೇರೆ. ಹೊಕ್ಕಿನ ದಾರ ಹಾಸಿನ ಎಳೆಗಳ ಮೇಲೆ ಕೆಳಗೆ ಹತ್ತಿ ಇಳಿದು ಹೋಗುತ್ತದೆ. ಹಾಗಾಗಿ ನೇರ ಎಳೆದ ದಾರಕ್ಕಿಂತ ಅದಕ್ಕೆ ಜಾಸ್ತಿ ಉದ್ದ ಬೇಕು. ನೇರವಾಗಿ ಜಗ್ಗಿದರೆ ಆ ಉದ್ದವನ್ನು ಅದು ಅಂಚಿನಿಂದ ಎಳೆದುಕೊಳ್ಳುತ್ತದೆ. ಒಂದು ಸಾಲಿಗೆ ಕೂದಲೆಳೆಯಷ್ಟು, ನೂರು ಸಾಲಿಗೆ ಇಂಚುಗಟ್ಟಲೆ. ಈಗ ನಾನು ಹೊಕ್ಕನ್ನು ಸಣ್ಣ ಗುಡ್ಡದ ಹಾಗೆ ಬಾಗಿಸಿ ಬಿಡುತ್ತೇನೆ, ಆಮೇಲೆ ಬಾಚಣಿಗೆಯಿಂದ ನಡುವಿನಿಂದ ಶುರು ಮಾಡಿ ಕೆಳಕ್ಕೆ ಬಡಿಯುತ್ತೇನೆ. ಪ್ರತಿ ಹತ್ತು ಸಾಲಿಗೊಮ್ಮೆ ಅಳತೆಪಟ್ಟಿ ಇಟ್ಟು ಅಗಲ ನೋಡುತ್ತೇನೆ. ಕಾಲಿಂಚು ಕಮ್ಮಿಯಾಗಿದ್ದರೂ ಬಿಚ್ಚುತ್ತೇನೆ. ಹತ್ತು ಸಾಲು ಬಿಚ್ಚುವುದು ನೋವು ಕೊಡುತ್ತದೆ ನಿಜ, ಆದರೆ ಮುಂದೆ ಅದು ತಾನಾಗಿ ಸರಿಹೋಗುವುದೇ ಇಲ್ಲ.

ಇನ್ನು ಗಂಟು. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ. ಎರಡೂವರೆ ಇಂಚಿನ ಉಣ್ಣೆಯ ತುಂಡನ್ನು ಪಕ್ಕಪಕ್ಕದ ಎರಡು ಹಾಸೆಳೆಗಳ ಮೇಲೆ ಅಡ್ಡಕ್ಕೆ ಇಡಬೇಕು. ಎಡತುದಿ ಎಡ ಎಳೆಯನ್ನು ಬಳಸಿ ಹಿಂದಿನಿಂದ ನಡುವಿನ ಸಂದಿಗೆ ಬರಬೇಕು. ಬಲತುದಿ ಬಲ ಎಳೆಯನ್ನು ಬಳಸಿ ಅದೇ ಸಂದಿಯಿಂದ ಹೊರಗೆ ಬರಬೇಕು. ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ಕೆಳಕ್ಕೆ ಜಗ್ಗಿದರೆ ಗಂಟು ಕೂರುತ್ತದೆ. ಇದನ್ನು ಟರ್ಕಿ ಗಂಟು ಅನ್ನುತ್ತಾರೆ. ಪರ್ಷಿಯನ್ ಗಂಟಿನಲ್ಲಿ ಉಣ್ಣೆ ಒಂದು ಎಳೆಯನ್ನು ಮಾತ್ರ ಪೂರ್ತಿ ಸುತ್ತುತ್ತದೆ, ಇನ್ನೊಂದರ ಹಿಂದಿನಿಂದ ಹಾದು ಬರುತ್ತದೆ. ತಿರುವು ಜಾಸ್ತಿ ಇರುವ ಹೂಬಳ್ಳಿಗೆ ಅದು ಒಳ್ಳೆಯದು. ನನ್ನದು ನೇರ ಗೆರೆಗಳ ವಿನ್ಯಾಸ, ಹಾಗಾಗಿ ಟರ್ಕಿ ಗಂಟೇ ಸಾಕಾಯಿತು. ಒಂದು ಸಾಲು ಗಂಟು ಆದ ಮೇಲೆ ಎರಡು ಸಾಲು ಹೊಕ್ಕು ಹಾಕಿ ಬಡಿಯಬೇಕು. ಗಂಟನ್ನು ಹಿಡಿದು ನಿಲ್ಲಿಸುವುದು ಆ ಹೊಕ್ಕು.

ಲೆಕ್ಕ ಹೇಳಿಬಿಡುತ್ತೇನೆ, ಶುರು ಮಾಡುವವರಿಗೆ ಗೊತ್ತಿರಬೇಕು. ಒಂದು ಸಾಲಿಗೆ 96 ಗಂಟು. ಇಂಚಿಗೆ 4 ಸಾಲಿನಂತೆ 36 ಇಂಚಿಗೆ 144 ಸಾಲು. ಒಟ್ಟು 13,824 ಗಂಟು. ಕೈ ಪಳಗಿದ ಮೇಲೆ ನಿಮಿಷಕ್ಕೆ ಮೂರು ಗಂಟು ಹಾಕುತ್ತಿದ್ದೆ, ಅಂದರೆ ಸಾಲಿಗೆ 32 ನಿಮಿಷ. ದಿನಕ್ಕೆ ಎರಡು ಸಾಲಿನ ಮೇಲೆ ನಾನು ಹೋಗಲಿಲ್ಲ. ಬೆನ್ನು ತಡೆಯುವುದಿಲ್ಲ, ಜೊತೆಗೆ ದಣಿದ ಕೈಯ ಗಂಟು ಸಡಿಲ. ಬಿಚ್ಚಿ ಮತ್ತೆ ಹಾಕಿದ್ದನ್ನು ಬಿಟ್ಟು 72 ದಿನ ಹಿಡಿಯಿತು.

ನಡುನಡುವೆ ಇದೆಲ್ಲಾ ಯಾವಾಗ ಮುಗಿಯುತ್ತದೋ ಅನಿಸುತ್ತಿತ್ತು. ಆಗ ಪಾಜಿರಿಕ್ ಕಂಬಳಿಯ ಚಿತ್ರ ತೆಗೆದು ನೋಡುತ್ತಿದ್ದೆ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ 1949ರಲ್ಲಿ ಪುರಾತತ್ವಜ್ಞ ಸೆರ್ಗೈ ರುಡೆಂಕೊ ಅಗೆದು ತೆಗೆದ ಸಮಾಧಿಯಲ್ಲಿ ಸಿಕ್ಕಿದ್ದು. ಸಮಾಧಿಯೊಳಗೆ ನೀರು ಇಳಿದು ಮಂಜುಗಡ್ಡೆಯಾಗಿದ್ದರಿಂದ ಎರಡು ಸಾವಿರಕ್ಕೂ ಹೆಚ್ಚು ವರ್ಷ ಅದು ಉಳಿದುಕೊಂಡಿತ್ತು. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ. ಸುಮಾರು 2 ಮೀಟರ್ ಉದ್ದ, 1.83 ಮೀಟರ್ ಅಗಲ. ಒಂದು ಚದರ ಸೆಂಟಿಮೀಟರಿಗೆ ಸುಮಾರು 36 ಗಂಟು. ನನ್ನದರಲ್ಲಿ ಅಷ್ಟೇ ಜಾಗಕ್ಕೆ ಎರಡೂವರೆ. ಆದರೆ ಗಂಟು ಅದೇ, ಎರಡು ಎಳೆ ಬಳಸಿ ನಡುವಿನಿಂದ ಹೊರಬರುವ ಗಂಟು. ಯಾರೋ ಅಷ್ಟು ಹಿಂದೆ ಬೆರಳನ್ನು ಹೀಗೇ ಮಡಿಚಿದ್ದರು ಅನ್ನುವುದು ನೆನಪಾದರೆ ನನ್ನ ಕೈ ಮತ್ತೆ ಓಡುತ್ತಿತ್ತು.

ಉಣ್ಣೆಯ ಲೆಕ್ಕದಲ್ಲಿ ಎಡವಿದೆ. 13,824 ತುಂಡಿಗೆ ಸುಮಾರು 880 ಮೀಟರ್ ಬೇಕು. ನೀಲಿಯನ್ನು ಕಮ್ಮಿ ತಂದಿದ್ದೆ. ಮುಕ್ಕಾಲು ಭಾಗದಲ್ಲಿ ಖಾಲಿಯಾಯಿತು. ಅದೇ ನಂಬರಿನ ನೀಲಿಯನ್ನೇ ಮತ್ತೆ ತಂದೆ, ಆದರೆ ಅದು ಬೇರೆ ಸಲ ಬಣ್ಣ ಹಾಕಿದ್ದು, ಒಂದು ಚೂರು ತಿಳಿ. ಹಾಗೇ ಮುಂದುವರಿಸಿದ್ದರೆ ಗೆರೆ ಎಳೆದಂತೆ ಕಾಣುತ್ತಿತ್ತು. ಆರು ಸಾಲು ಬಿಚ್ಚಿದೆ. ಒಂದು ಸಾಲು ಹಳೆಯ ನೀಲಿ, ಒಂದು ಸಾಲು ಹೊಸದು ಅಂತ ಬೆರೆಸಿ, ನಿಧಾನವಾಗಿ ಹೊಸದಕ್ಕೆ ದಾಟಿದೆ. ಕೈಯಲ್ಲಿ ಬಣ್ಣ ಹಾಕಿದ ಹಳೆಯ ಕಂಬಳಿಗಳಲ್ಲಿ ಇಂಥ ಬಣ್ಣದ ಏರಿಳಿತ ಹಲವು ಸಲ ಇರುತ್ತದೆ, ಅದಕ್ಕೆ ಅಬ್ರಾಶ್ ಅಂತ ಹೆಸರು. ನನ್ನ ಕಂಬಳಿಯಲ್ಲಿ ಈಗ ಆ ಜಾಗ ನೀರಿನ ಅಲೆಯ ಹಾಗಿದೆ. ಇಡೀ ಕಂಬಳಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕೆಂಪು ಮಾತ್ರ ಕೈಕೊಟ್ಟಿತು. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬಿಳಿ ಅಂಚಿಗೆ ಗುಲಾಬಿ ಬಣ್ಣ ಹತ್ತಿತು. ಏನು ಮಾಡಿದರೂ ಪೂರ್ತಿ ಹೋಗಲಿಲ್ಲ. ಈಗ ಪ್ರತಿ ಬಣ್ಣದ ಗೇಣುದ್ದ ಉಣ್ಣೆಯನ್ನು ಬಿಳಿ ಹತ್ತಿ ದಾರದ ಜೊತೆ ಹೆಣೆದು ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟು ನೋಡುತ್ತೇನೆ. ಬಿಳಿ ದಾರ ಬಿಳಿಯಾಗೇ ಇದ್ದರೆ ಮಾತ್ರ ಆ ಬಣ್ಣ ಮಗ್ಗಕ್ಕೆ ಬರುತ್ತದೆ.

ಮಗ್ಗದಿಂದ ಕತ್ತರಿಸುವಾಗ ಒಂದು ಕಡೆಯಿಂದ ಸರಸರ ಕತ್ತರಿಸಬೇಡಿ. ನಾಲ್ಕು ಎಳೆ ಕತ್ತರಿಸಿ, ಗಂಟು ಹಾಕಿ, ಮುಂದೆ ಹೋಗಿ. ಬಿಗಿ ಬಿಟ್ಟ ತಕ್ಷಣ ಕಂಬಳಿ ಉದ್ದದಲ್ಲಿ ಒಂದಿಂಚು ಕುಗ್ಗುತ್ತದೆ, ಹೆದರಬೇಕಾಗಿಲ್ಲ. ಎರಡು ತುದಿಗೂ ಗಂಟಿಲ್ಲದ ಒಂದಿಂಚು ಸಾದಾ ನೇಯ್ಗೆ ಇರಬೇಕು, ಇಲ್ಲದಿದ್ದರೆ ಮೊದಲ ಸಾಲಿನ ಗಂಟುಗಳು ಉದುರುತ್ತವೆ. ಉಣ್ಣೆಯ ಕೂದಲು ಒಂದು ಕಡೆಗೆ ಮಲಗಿರುತ್ತದೆ. ಒಂದು ತುದಿಯಿಂದ ನೋಡಿದರೆ ಬಣ್ಣ ತಿಳಿ, ಇನ್ನೊಂದು ತುದಿಯಿಂದ ಗಾಢ. ಬಾಗಿಲಿನಿಂದ ಯಾವುದು ಕಾಣಬೇಕು ಅನ್ನುವುದನ್ನು ಎರಡೂ ಕಡೆ ತಿರುಗಿಸಿ ನೋಡಿಯೇ ತೀರ್ಮಾನಿಸಿ.

ಉಳಿದ ಉಣ್ಣೆಯಲ್ಲಿ ಗೋಡೆಗೆ ಒಂದನ್ನು ನೇಯ್ದೆ. ಪಾಜಿರಿಕ್ ಕಂಬಳಿ ಸಿಕ್ಕ ಅದೇ 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್ ಅವರ ನೇಯ್ಗೆಗಳ ಪ್ರದರ್ಶನ ನಡೆದಿತ್ತು. ಗೋಡೆಯ ಮೇಲೆ ಚಿತ್ರದಂತೆ ನಿಲ್ಲುವ ಬಟ್ಟೆ ಅವರದು. ಅವರ ನೇಯ್ಗೆಯ ಚಿತ್ರಗಳನ್ನು ನೋಡಿದ ಮೇಲೆ ನನಗೂ ಬರೀ ಪಟ್ಟೆ, ಬರೀ ನೇಯ್ಗೆ ಸಾಕು ಅನಿಸಿತು. ನೆಲದ ಕಂಬಳಿ ಮಲಗಿರುತ್ತದೆ, ತಪ್ಪಿದ್ದರೂ ಸ್ವಲ್ಪ ಮುಚ್ಚಿಹೋಗುತ್ತದೆ. ಗೋಡೆಯದು ತನ್ನ ಭಾರವನ್ನೆಲ್ಲ ಹಾಸಿನ ಮೇಲೇ ಹಾಕಿ ಜೋತುಬೀಳುತ್ತದೆ. ಮೊದಲು ತೆಳ್ಳನೆಯ ಕೋಲಿಗೆ ಮೂರು ಕಡೆ ಕಟ್ಟಿ ತೂಗುಹಾಕಿದ್ದೆ. ಎರಡು ವಾರದಲ್ಲಿ ಕಟ್ಟಿದ ಮೂರು ಕಡೆ ಮೊನೆಯಾಗಿ, ನಡುವೆ ಜೋಲಿಬಿದ್ದಿತು. ಈಗ ಮೇಲಂಚಿನ ಹಿಂಭಾಗಕ್ಕೆ ಅಗಲವಾದ ಹತ್ತಿ ಪಟ್ಟಿ ಹೊಲಿದಿದ್ದೇನೆ, ಆ ಪಟ್ಟಿಗೆ ವೆಲ್ಕ್ರೋ. ಅದರ ಜೋಡಿಯನ್ನು ಮರದ ಪಟ್ಟಿಗೆ ಹೊಡೆದು ಗೋಡೆಗೆ ಸ್ಕ್ರೂ ಹಾಕಿದ್ದೇನೆ. ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಮ್ಯೂಸಿಯಮ್ಮುಗಳಲ್ಲೂ ದೊಡ್ಡ ನೇಯ್ಗೆಗಳನ್ನು ಹೀಗೆ ತೂಗುಹಾಕುತ್ತಾರೆ.

ಜಾಗ ಮಾತ್ರ ತಪ್ಪಾಗಿ ಆರಿಸಿದ್ದೆ. ಕಿಟಕಿಯ ಎದುರಿನ ಗೋಡೆ, ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ಅಲ್ಲಿ ಹಾಕಿದೆ. ಒಂದು ವರ್ಷದ ಮೇಲೆ ಧೂಳು ಕೊಡವಲು ಬಿಚ್ಚಿ ತಿರುಗಿಸಿದೆ. ಹಿಂಭಾಗದಲ್ಲಿ ಹಳದಿ ಇನ್ನೂ ಅರಿಶಿನದಂತಿತ್ತು, ಮುಂದೆ ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು. ಈಗ ಅದನ್ನು ಬಿಸಿಲು ನೇರ ತಾಗದ ಪಕ್ಕದ ಗೋಡೆಗೆ ಬದಲಾಯಿಸಿದ್ದೇನೆ, ನಿಂತರೆ ಕಣ್ಣಿನ ಮಟ್ಟಕ್ಕೆ ನಡುಭಾಗ ಬರುವ ಹಾಗೆ. ಮಗ್ಗದ ಮೇಲೆ ನಿನ್ನೆ ಹೊಸ ಹಾಸು ಕಟ್ಟಿ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಮೀಟಿ ನೋಡಬೇಕು.